ಡಿಪ್ಲೊಮಾ ಕಡಿಮೆ ಅಂಕದವರಿಗೆ ಮಾತ್ರ ಅಲ್ಲ

‘ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಕಡಿಮೆ ಬಂದರೆ ಐಟಿಐ, ಡಿಪ್ಲೊಮಾ ನೋಡಬಹುದು’ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ಹೀಗೆ ಹೇಳಿ ಹೇಳಿಯೇ ಅದು ಸೋತವರ ದಾರಿ ಅನ್ನೋದು ಮಕ್ಕಳ ತಲೆಯಲ್ಲಿ ಕೂತುಬಿಟ್ಟಿದೆ.

ನನ್ನ ಮಗನಿಗೆ ಶೇ 88 ಬಂದಿತ್ತು. ಅವನು ಕೇಳಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ‘ಇಷ್ಟು ಅಂಕ ತೆಗೆದು ಸುಮ್ನೆ ಹಾಳು ಮಾಡ್ಕೊಳ್ತಾನೆ’ ಎಂದು ನೆಂಟರೆಲ್ಲ ಬೈದರು. ನನಗೂ ಭಯವಿತ್ತು, ಸುಳ್ಳು ಹೇಳುವುದಿಲ್ಲ. ಅವನು ಮೂರು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಲಿತ. ಆಮೇಲೆ ಡಿಪ್ಲೊಮಾ ಮುಗಿಸಿದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರಿದ. ಪಿಯುಸಿ ಮಾಡಿ ಬಿಇಗೆ ಹೋದರೂ ಒಟ್ಟು 6 ವರ್ಷ, ಹೀಗೆ ಹೋದರೂ 6 ವರ್ಷವೇ ಅಲ್ವಾ? ಎರಡು ವರ್ಷದ ಐಟಿಐ ಮುಗಿಸಿದವರೂ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಇದನ್ನು ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ?

ರಿಸಲ್ಟ್ ಬಂದ ವಾರದಲ್ಲಿ ಒಂದು ಗಂಟೆ ಭಾಷಣ ಕೊಟ್ಟರೆ ಸಾಲದು. ಒಂಬತ್ತನೇ ತರಗತಿಯಲ್ಲೇ ಮಕ್ಕಳನ್ನು ಹತ್ತಿರದ ಪಾಲಿಟೆಕ್ನಿಕ್ ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ. ಜಾಸ್ತಿ ಅಂಕ ತೆಗೆಯುವವರನ್ನೂ ಕರೆದುಕೊಂಡು ಹೋಗಿ.