ಉಪ್ಪಿಗೆ ಮೊರ ಇಲ್ಲ

ನಮ್ಮೆಲ್ಲರ ಅಡುಗೆಮನೆಯಲ್ಲೂ ಸರ್ಕಾರ ಒಂದು ಕಡೆ ಸದ್ದಿಲ್ಲದೆ ಕೂತಿದೆ. ಉಪ್ಪಿನ ಜಾಡಿಯಲ್ಲಿ. ಊಟಕ್ಕೆ ಮಾರುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕು ಅಂತ 2006ರಿಂದ ದೇಶದಾದ್ಯಂತ ಕಾನೂನಿದೆ. ಅದಕ್ಕೂ ಬಹಳ ಹಿಂದೆ, 1956ರಲ್ಲಿ, ವೈದ್ಯವಿಜ್ಞಾನಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಲು ಶುರು ಮಾಡಿದರು. ವರ್ಷಗಳು ಕಳೆದಂತೆ ಅಲ್ಲಿ ಗಳಗಂಡ, ಅಂದರೆ ಅಯೋಡಿನ್ ಸಾಲದೆ ಕುತ್ತಿಗೆ ಊದುವ ಕಾಯಿಲೆ, ಇಳಿಯಿತು. 1962ರಲ್ಲಿ ಅದೇ ರಾಷ್ಟ್ರೀಯ ಕಾರ್ಯಕ್ರಮವಾಯಿತು.

ಇಷ್ಟೆಲ್ಲ ಆದರೂ ನಮ್ಮ ಮನೆಗಳಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಕಲ್ಲುಪ್ಪು ಹೋಗಿ ಪುಡಿಯುಪ್ಪು ಬಂತು ಅಂತ ಉಪ್ಪಿನಕಾಯಿ ಹಾಕುವ ಕಾಲಕ್ಕೆ ಹಿರಿಯರು ಒಂದಿಷ್ಟು ಗೊಣಗಿದ್ದು ನಿಜ. ಆದರೆ ಅಯೋಡಿನ್ನನ್ನು ಆರಿಸಿ ತೆಗೆದವರು ಯಾರೂ ಇಲ್ಲ. ಆರಿಸೋದು ಹೇಗೆ? ಉಪ್ಪಿಗೆ ಮೊರ ಇಲ್ಲವಲ್ಲ!

ಅಕ್ಕಿಗೆ ಇದೆ. ಅಲ್ಲೇ ಸರ್ಕಾರ ಸಿಕ್ಕಿಬಿದ್ದಿದ್ದು.

ಸೊಸೈಟಿ ಅಕ್ಕಿಯನ್ನು ಮೊರಕ್ಕೆ ಸುರಿದು ಬೆಳಕಿಗೆ ಹಿಡಿದು ನೋಡಿದರೆ ನಡುನಡುವೆ ಒಂದೊಂದು ಕಾಳು ಬೇರೆ ಥರ ಕಾಣುತ್ತಿತ್ತು. ಬಣ್ಣ ಸ್ವಲ್ಪ ಮಬ್ಬು. ಎಲ್ಲವೂ ಒಂದೇ ಅಳತೆ. ತುದಿಯಲ್ಲಿ ಮುರಿದಿಲ್ಲ, ಮೈಮೇಲೆ ಗೆರೆಯಿಲ್ಲ. ನೀರಿಗೆ ಹಾಕಿದರೆ ಕೆಲವು ತೇಲುತ್ತಿದ್ದವು. ಇಷ್ಟು ಸಾಕಾಯಿತು. ಊರಿಗೆ ಊರೇ ‘ಪ್ಲಾಸ್ಟಿಕ್ ಅಕ್ಕಿ ಬಂದೈತೆ’ ಅಂತ ತೀರ್ಪು ಕೊಟ್ಟಿತು. ಅನ್ನದ ಉಂಡೆ ಮಾಡಿ ನೆಲಕ್ಕೆ ಹೊಡೆದು ಪುಟಿಸುವ ವಿಡಿಯೊಗಳಂತೂ ಮೊದಲೇ ಮೊಬೈಲಿನಲ್ಲಿದ್ದವು. ಬಿಟ್ಟಿ ಕೊಡುವ ಅಕ್ಕಿಗೆ ಅದಕ್ಕಿಂತ ದುಬಾರಿಯಾದ ಪ್ಲಾಸ್ಟಿಕ್ ಬೆರೆಸಿ ಯಾರಿಗೇನು ಲಾಭ ಅಂತ ಕೇಳಿದರೆ, ‘ನಿಮಗೆಲ್ಲಾ ಗೊತ್ತಾಗಲ್ಲ ಬಿಡಿ’ ಅನ್ನುವ ಉತ್ತರ ಬರುತ್ತಿತ್ತು.

ಅದು ಪ್ಲಾಸ್ಟಿಕ್ ಅಲ್ಲ, ಅಕ್ಕಿಯೇ. ನುಚ್ಚಕ್ಕಿಯನ್ನು ಹಿಟ್ಟು ಮಾಡಿ, ಅದಕ್ಕೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ವಿಟಮಿನ್ ಸೇರಿಸಿ, ಕಲಸಿ, ಶ್ಯಾವಿಗೆ ಒತ್ತುವ ಹಾಗೆ ಯಂತ್ರದಲ್ಲಿ ಒತ್ತಿ, ಕಾಳಿನ ಉದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ಒಂದು ಕೆಜಿ ಅಕ್ಕಿಗೆ 10 ಗ್ರಾಂನಂತೆ ಬೆರೆಸುತ್ತಿದ್ದರು. ಸರ್ಕಾರಿ ಕಾಗದದಲ್ಲಿ ಇದರ ಹೆಸರು ಸಾರವರ್ಧಿತ ಅಕ್ಕಿ. 2021ರ ಆಗಸ್ಟ್ 15ರಂದು ಪ್ರಧಾನಿ ಕೆಂಪುಕೋಟೆಯ ಮೇಲಿಂದ, 2024ರ ಹೊತ್ತಿಗೆ ಸರ್ಕಾರದ ಎಲ್ಲಾ ಯೋಜನೆಗಳಲ್ಲೂ ಇದೇ ಅಕ್ಕಿ ಅಂತ ಸಾರಿದರು. ಕಾರಣ ಸಣ್ಣದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57 ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ 47.8. ಐದು ವರ್ಷದೊಳಗಿನ ನಮ್ಮ ಮಕ್ಕಳಲ್ಲಂತೂ ಮೂವರಲ್ಲಿ ಇಬ್ಬರಿಗೆ ಹತ್ತಿರ.

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಲೆಕ್ಕ ಹಾಕಿದವರಲ್ಲಿ ಅಕ್ಕಿ ಆರಿಸಿ ಅಭ್ಯಾಸ ಇದ್ದವರು ಯಾರೂ ಇರಲಿಲ್ಲ ಅಂತ ಕಾಣುತ್ತದೆ. ನಮ್ಮ ಹೆಂಗಸರ ಕಣ್ಣು ಎಂಥದ್ದು? ಮಾತಾಡುತ್ತಾ, ಟಿವಿಯಲ್ಲಿ ಧಾರಾವಾಹಿ ನೋಡುತ್ತಾ, ಮಧ್ಯೆ ಮೊಮ್ಮಗನನ್ನು ಗದರುತ್ತಾ, ಕಲ್ಲು, ಭತ್ತ, ನುಸಿ ಯಾವುದನ್ನೂ ಬಿಡದ ಕಣ್ಣು. ನೂರಕ್ಕೆ ಒಂದು ಅಂದರೆ ಅಧಿಕಾರಿಗೆ ಏನೂ ಅಲ್ಲ. ಮೊರ ಹಿಡಿದವಳಿಗೆ ಅದೇ ಬೇಟೆ.

ನಮ್ಮ ದೊಡ್ಡಮ್ಮ ಇದರಲ್ಲಿ ಪಳಗಿದವರು. ಆ ಕಾಳುಗಳನ್ನು ಒಂದೊಂದಾಗಿ ಹೆಕ್ಕಿ ಜಗಲಿಯಿಂದ ಅಂಗಳಕ್ಕೆ ಚಿಮ್ಮುತ್ತಿದ್ದರು. ಅದೇ ಹೊತ್ತಿಗೆ ಅಂಗನವಾಡಿ ಟೀಚರ್ ಬಂದರು.

“ಅಜ್ಜಿ, ಎಸೀಬೇಡಿ. ಅದರಲ್ಲಿ ಕಬ್ಬಿಣ ಇದೆ.”

“ಅದಕ್ಕೇ ಕಣಮ್ಮ ಎಸೀತಿರೋದು!”

“ಅಯ್ಯೋ, ಮೊಳೆ ಗಿಳೆ ಅಲ್ಲ ಅಜ್ಜಿ. ರಕ್ತ ಆಗೋಕೆ ಬೇಕಲ್ಲ, ಆ ಕಬ್ಬಿಣ.”

“ರಕ್ತ ಆಗೋಕೆ ನುಗ್ಗೆಸೊಪ್ಪು ತಿನ್ನಿ ಅಂತ ಹೋದ ತಿಂಗಳು ನೀನೇ ಹೇಳಿದ್ದೆ?”

ಟೀಚರ್ ಏನು ಹೇಳಿಯಾರು? ಹೇಳಿದ್ದು ನಿಜ. ಸೆಪ್ಟೆಂಬರಿನಲ್ಲಿ ಪೋಷಣ ಮಾಸ. 2018ರಿಂದ ಪ್ರತಿವರ್ಷ ನಡೆಯುತ್ತಿದೆ. ಅಂಗನವಾಡಿಯಲ್ಲಿ ಕಾಳುಗಳಿಂದ ರಂಗೋಲಿ ಬಿಡಿಸಿ, ಸೊಪ್ಪು ತರಕಾರಿ ಜೋಡಿಸಿ, ಬಸುರಿಯರಿಗೆ ಸೀಮಂತ ಮಾಡಿ, ಮಡಿಲು ತುಂಬಿ ಭಾಷಣ ಮಾಡುತ್ತಾರೆ. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಕೂತು ಎಲ್ಲಾ ಕೇಳಿಸಿಕೊಂಡು ಬಂದಿದ್ದರು.

ಆದರೂ ಟೀಚರ್ ಮಾತು ಸ್ವಲ್ಪ ನಾಟಿತು. ಮುಂದಿನ ಸಲದಿಂದ ದೊಡ್ಡಮ್ಮ ಕಾಳು ಎಸೆಯೋದು ಬಿಟ್ಟರು. ಆರಿಸೋದು ಮಾತ್ರ ಬಿಡಲಿಲ್ಲ. ಆರಿಸಿದ್ದನ್ನು ಒಂದು ಹಳೇ ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟು, ಬಸುರಿ ಮೊಮ್ಮಗಳು ಊರಿಗೆ ಬಂದಾಗ ಒಂದು ಹಿಡಿ ಬೇಯಿಸಿ ಬಡಿಸಲು ಹೊರಟರು. ವಿಷಯ ತಿಳಿದು ಟೀಚರ್ ಓಡಿ ಬಂದರು. “ಹಾಗೆಲ್ಲ ತಿನ್ನಬಾರದು ಅಜ್ಜಿ! ನೂರಕ್ಕೆ ಒಂದೇ ಇರಬೇಕು. ಇದನ್ನ ಅಕ್ಕಿಗೇ ವಾಪಸ್ ಬೆರೆಸಿಬಿಡಿ.” ದೊಡ್ಡಮ್ಮನಿಗೆ ರೇಗಿತು. “ಆರಿಸಿದ್ದನ್ನ ಮತ್ತೆ ಬೆರೆಸೋದಾ? ನಾಳೆ ಕಲ್ಲೂ ಬೆರೆಸು ಅಂತೀಯ.”

ನನಗೆ ಇದರಲ್ಲಿ ಇನ್ನೊಂದು ತಮಾಷೆ ಕಾಣುತ್ತದೆ. ಅಕ್ಕಿ ಬೆಳ್ಳಗಿರಬೇಕು ಅಂತ ಮಿಲ್ಲಿನಲ್ಲಿ ಪಾಲಿಶ್ ಮಾಡಿಸುತ್ತೇವೆ. ಸತ್ವವೆಲ್ಲ ತೌಡಿನ ಜೊತೆ ಹೋಗುತ್ತದೆ. ತೌಡು ಹಸುವಿಗೆ. ಆಮೇಲೆ ಸರ್ಕಾರ ದುಡ್ಡು ಕೊಟ್ಟು ಅಷ್ಟಿಷ್ಟು ಸತ್ವವನ್ನು ಕಾಳಿನ ರೂಪದಲ್ಲಿ ಮರಳಿಸಿತು. ಅಕ್ಕಿ ತೊಳೆಯುವಾಗ ತೇಲಿದ್ದನ್ನು ನಾವು ಕಲಗಚ್ಚಿನ ಬಕೆಟ್ಟಿಗೆ ಬಗ್ಗಿಸಿದೆವು. ಅದೂ ಹಸುವಿಗೆ. ಎರಡು ಸಲವೂ ಲಾಭ ಕೊಟ್ಟಿಗೆಗೇ. ಕಡಿಮೆ ಪಾಲಿಶ್ ಮಾಡಿದ ಅಕ್ಕಿಯನ್ನೇ ಕೊಟ್ಟಿದ್ದರೆ ಇಷ್ಟು ಸುತ್ತು ಬೇಕಿತ್ತಾ? ಆದರೆ ಅಂಥ ಅಕ್ಕಿಗೆ ಬೇಗ ಹುಳ ಹಿಡಿಯುತ್ತದೆ, ತಿಂಗಳುಗಟ್ಟಲೆ ಗೋದಾಮಿನಲ್ಲಿ ಇಡೋದು ಕಷ್ಟ. ಮೇಲಾಗಿ ಅನ್ನ ಕೆಂಪಗಿದ್ದರೆ ಮದುವೆ ಮನೆಯಲ್ಲಿ ಬೀಗರು ಸುಮ್ನೆ ಇರುತ್ತಾರಾ?

ಹಾಗಾದರೆ ಸರ್ಕಾರ ಅಡುಗೆಮನೆಯೊಳಗೆ ಹೋಗೋದು ಯಾವ ಬಾಗಿಲಿಂದ? ಮಕ್ಕಳ ಕೈ ಹಿಡಿದು ಹೋಗೋದೇ ಸುಲಭ ಅಂತ ನನಗನ್ನಿಸುತ್ತದೆ. ಕ್ಷೀರಭಾಗ್ಯ ಶುರುವಾಗಿದ್ದು 2013ರಲ್ಲಿ. ಶಾಲೆಯಲ್ಲಿ ಮಗುವಿಗೆ 150 ಮಿಲಿಲೀಟರ್ ಬಿಸಿ ಹಾಲು. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆ ಮೊಟ್ಟೆ ಬಂತು, ಆಮೇಲೆ ಇಡೀ ರಾಜ್ಯಕ್ಕೆ. ಬೇಡ ಅನ್ನುವವರಿಗೆ ಬಾಳೆಹಣ್ಣು. ಮೊಟ್ಟೆಯ ಬಗ್ಗೆ ದೊಡ್ಡವರು ಎಷ್ಟು ಜಗಳವಾಡಿದರು ಅನ್ನೋದು ನಿಮಗೂ ನೆನಪಿರಬಹುದು. ಮಕ್ಕಳು ಸಿಪ್ಪೆ ಸುಲಿದು ತಿಂದು ಕೈ ತೊಳೆದುಕೊಂಡರು.

2024ರಲ್ಲಿ ಹಾಲಿನ ಜೊತೆ ರಾಗಿ ಮಾಲ್ಟ್ ಬಂತು, ವಾರಕ್ಕೆ ಮೂರು ದಿನ. ಮುದ್ದೆ ಕಂಡರೆ ಮುಖ ತಿರುಗಿಸುತ್ತಿದ್ದ ನಮ್ಮ ಬೀದಿಯ ಹುಡುಗಿಯೊಬ್ಬಳು ಮನೆಗೆ ಬಂದು “ಅಮ್ಮ, ಮಾಲ್ಟ್ ಮಾಡಿಕೊಡು” ಅಂತ ಹಟ ಹಿಡಿದಳು. ಅವಳಜ್ಜಿ ಲೋಟದೊಳಗೆ ಇಣುಕಿ, ಮೂಸಿ ನೋಡಿ, “ಇದು ನಮ್ಮ ಅಂಬಲಿಗೆ ಬೆಲ್ಲ ಹಾಕಿದ್ದಾರೆ ಅಷ್ಟೇ” ಅಂದರು. ಅಷ್ಟೇ ಇರಬಹುದು. ಆದರೆ ಅಜ್ಜಿ ಕೊಟ್ಟಾಗ ಕುಡಿಯದ ಹುಡುಗಿ ಮೇಷ್ಟ್ರು ಕೊಟ್ಟಾಗ ಕುಡಿದಳು, ಅಲ್ವಾ?

ಮಕ್ಕಳನ್ನು ಹೀಗೆ ಏಜೆಂಟರನ್ನಾಗಿ ಮಾಡಿಕೊಂಡರೆ ಆಗುವ ಪಾಡೇ ಬೇರೆ. 2025ರ ಮೇ ತಿಂಗಳಲ್ಲಿ ಸಿಬಿಎಸ್ಇ ತನ್ನ ಶಾಲೆಗಳಿಗೆಲ್ಲ ‘ಶುಗರ್ ಬೋರ್ಡ್’ ಹಾಕಿ ಅಂತ ಹೇಳಿತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಗೋಡೆಯ ಮೇಲೆ ತೋರಿಸುವ ಹಲಗೆ. ದಿನದ ಕ್ಯಾಲೊರಿಯಲ್ಲಿ ಸಕ್ಕರೆಯ ಪಾಲು ಶೇ 5 ದಾಟಬಾರದು, ನಮ್ಮ 4ರಿಂದ 10 ವರ್ಷದ ಮಕ್ಕಳಲ್ಲಿ ಅದು ಶೇ 13 ಇದೆ ಅನ್ನೋದು ಅದರ ಲೆಕ್ಕ. ಪಕ್ಕದ ಮನೆಯ ಹುಡುಗ ಅಂಥದ್ದೇ ಶಾಲೆಯವನು. ಬೋರ್ಡ್ ಓದಿಕೊಂಡು ಬಂದವನು ಜ್ಯೂಸ್ ಬಿಡಲಿಲ್ಲ. ನೇರವಾಗಿ ಅಪ್ಪನ ಕಾಫಿ ಲೋಟಕ್ಕೆ ಕೈ ಹಾಕಿದ. “ಅಪ್ಪ, ಬೆಳಿಗ್ಗೆ ಎರಡು ಚಮಚ ಆಯ್ತು. ಇದು ಮೂರನೇದು.”

ಅಪ್ಪ ಈಗ ಮನೆಯಲ್ಲಿ ಸಪ್ಪೆ ಕಾಫಿ ಕುಡಿಯುತ್ತಾರೆ. ಮೈಸೂರು ಪಾಕಿನ ಡಬ್ಬಿ ಆಫೀಸಿನ ಡ್ರಾಯರಿಗೆ ಹೋಗಿದೆ. ಅಲ್ಲಿ ಸಹೋದ್ಯೋಗಿಗಳು ದಿನಾ ಒಂದೆರಡು ತುಂಡು ಎತ್ತಿಕೊಂಡು ಹೋಗುತ್ತಾರಂತೆ. ಹಾಗಾಗಿ ತಮ್ಮ ಪಾಲಿಗೆ ಮೊದಲಿಗಿಂತ ಕಡಿಮೆಯೇ ಆಗಿದೆ ಅಂತ ಅವರ ಕೊರಗು.