120 ಮೈಕ್ರಾನ್ ಕವರ್‌ಗೂ ನಮ್ಮಲ್ಲಿ ಅನುಮತಿ ಇಲ್ಲ

‘120 ಮೈಕ್ರಾನ್‌ಗಿಂತ ದಪ್ಪ ಇರುವ ಪ್ಲಾಸ್ಟಿಕ್ ಕವರ್ ಬಳಸಬಹುದು, ಪರಿಸರಕ್ಕೂ ತೊಂದರೆ ಇಲ್ಲ’ ಎಂಬ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. (ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದಲ್ಲೊಂದು ಭಾಗ.) ಎರಡೂ ಮಾತು ತಪ್ಪು.

120ರ ಲೆಕ್ಕ ಕೇಂದ್ರದ ನಿಯಮದ್ದು. ಅದು 2022ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ, ಪರಿಸರ ಸಂರಕ್ಷಣಾ ಕಾಯ್ದೆಯಡಿ, ಎಷ್ಟೇ ದಪ್ಪ ಇದ್ದರೂ ಪ್ಲಾಸ್ಟಿಕ್ ಕೈಚೀಲ ಬೇಡ ಎಂದು ಅಧಿಸೂಚನೆ ಹೊರಡಿಸಿದೆ. ಮಾಡುವುದು, ಮಾರುವುದು, ಬಳಸುವುದು ಎಲ್ಲಕ್ಕೂ ನಿಷೇಧ. ಹಾಲಿನ ಪ್ಯಾಕೆಟ್, ನರ್ಸರಿ ಗಿಡದ ಚೀಲದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಮಂಡಿಪೇಟೆಯಲ್ಲಿ ಸಾಮಾನು ಕಟ್ಟಿಕೊಡುವ ಕವರ್ ಆ ಪಟ್ಟಿಯಲ್ಲಿಲ್ಲ.

ಇನ್ನು ಪರಿಸರದ ಮಾತು. ಕವರ್ ದಪ್ಪವಾದರೆ ಅದಕ್ಕೆ ಪ್ಲಾಸ್ಟಿಕ್ ಜಾಸ್ತಿ ಬೇಕು, ಅಲ್ವಾ? ಹಲವು ಸಲ ಬಳಸಿದರೆ ಅದು ಸ್ವಲ್ಪ ವಾಸಿ, ನಿಜ. ತರಕಾರಿ ತಂದು, ಅದರಲ್ಲೇ ಕಸ ಕಟ್ಟಿ ಎಸೆದರೆ ತೆಳು ಕವರ್‌ಗಿಂತ ಹೆಚ್ಚು ಪ್ಲಾಸ್ಟಿಕ್ಕೇ ಎಸೆದಂತೆ. ಮಣ್ಣಲ್ಲಿ ಕರಗುವುದಿಲ್ಲ, ಚೂರಾಗುತ್ತದೆ ಅಷ್ಟೇ. ಮೆಸೇಜ್ ಬರೆದವರು ಕೇಂದ್ರದ ನಿಯಮವನ್ನಷ್ಟೇ ನೋಡಿರಬಹುದು. ರಾಜ್ಯದ್ದು ಅದಕ್ಕಿಂತ ಬಿಗಿ.

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಅಂಗಡಿ ಇಟ್ಟುಕೊಂಡವರು ಅದನ್ನು ನಂಬಿ ಕವರ್ ಕಟ್ಟು ತರಿಸಿದರೆ ಸುಮ್ನೆ ದಂಡ ಕಟ್ಟಬೇಕಾದೀತು.