ಗಂಟು ಸೀಳಿ ನೋಡಿ, ಆಮೇಲೆ ಬೈಯಿರಿ

"ರೈಜೋಬಿಯಂ ಹಾಕಿದ್ವಿ, ಏನೂ ಆಗಲಿಲ್ಲ." ರೈಜೋಬಿಯಂ ಅಂದರೆ ದ್ವಿದಳ ಬೆಳೆಯ ಬೇರಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ, ಬೀಜಕ್ಕೆ ಹಚ್ಚೋಕೆ ಪುಡಿಯಾಗಿ ಸಿಗುತ್ತೆ. ಮುಂಗಾರು ಮುಗಿಯೋ ಹೊತ್ತಿಗೆ ಈ ಮಾತು ಕೇಳಿಬರೋದು ಮಾಮೂಲು. ಹೀಗೆ ಹೇಳುವವರಲ್ಲಿ ಬೇರು ಅಗೆದು ನೋಡಿದವರು ಎಷ್ಟು ಮಂದಿ? ಇಳುವರಿ ಬಿದ್ದದ್ದು ಮಳೆಯಿಂದಲೋ, ಹುಳುವಿನಿಂದಲೋ, ಗಂಟೇ ಕಟ್ಟದೆಯೋ ಅನ್ನೋದು ರಾಶಿ ಮಾಡುವಾಗ ಗೊತ್ತಾಗಲ್ಲ. ಗಿಡ 35–40 ದಿನದ್ದಿರುವಾಗ ನೋಡಬೇಕು.

ಗಿಡ ಕೀಳಬೇಡಿ. ಕಿತ್ತರೆ ಗಂಟು ಕಳಚಿ ಮಣ್ಣಲ್ಲೇ ಉಳಿಯುತ್ತೆ, ನೀವು "ಗಂಟೇ ಇಲ್ಲ" ಅಂತ ತೀರ್ಮಾನ ಮಾಡ್ತೀರಿ. ಸುತ್ತ ಒಂದು ಗೇಣು ಬಿಟ್ಟು ಹೆಂಟೆ ಸಮೇತ ಎತ್ತಿ, ಬಕೆಟ್ ನೀರಲ್ಲಿ ನೆನೆಸಿ, ಮೆಲ್ಲಗೆ ತೊಳೆಯಿರಿ. ಬೆರಳಿಂದ ಉಜ್ಜಿದರೆ ಉದುರೋದು ರೈಜೋಬಿಯಂ ಗಂಟು. ಬೇರೇ ಊದಿಕೊಂಡು, ಉಜ್ಜಿದರೂ ಬರದಿದ್ದರೆ ಅದು ಬೇರಿಗೆ ಬೀಳುವ ಜಂತುಹುಳುವಿನ (ನೆಮಟೋಡ್) ಕೆಲಸ. ಅದನ್ನ ನೋಡಿ ಖುಷಿಪಡೋರೂ ಇದ್ದಾರೆ!

ಇನ್ನು ಗಂಟನ್ನ ಉಗುರಲ್ಲಿ ಸೀಳಿ. ಒಳಗೆ ಗುಲಾಬಿ ಅಥವಾ ರಕ್ತದ ಬಣ್ಣ ಇದ್ದರೆ ಸಾರಜನಕ ಹಿಡಿಯೋ ಕೆಲಸ ನಡೀತಿದೆ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದಾಯಾದಿ. ಸಾರಜನಕ ಹಿಡಿಯುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತೆ, ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡೋಕೆ ಆಮ್ಲಜನಕ ಬೇಕೇ ಬೇಕು. ಅಳೆದು ತೂಗಿ ಕೊಡುವ ಕೆಲಸ ಈ ಕೆಂಪಿನದು. ಒಳಗೆ ಬಿಳಿ ಇದ್ದರೆ ಕೆಲಸ ಇನ್ನೂ ಶುರುವಾಗಿಲ್ಲ, ಇಲ್ಲವೇ ಒಳಗೆ ಕೂತಿರೋದು ಉಂಡಾಡಿ ಬ್ಯಾಕ್ಟೀರಿಯಾ. ಹಸಿರು, ಕಂದು ಆಗಿದ್ದರೆ ಆಯಸ್ಸು ಮುಗಿದಿದೆ. ಕಾಯಿ ತುಂಬುವಾಗ ಹಾಗಾಗೋದು ಸಹಜ, 40ನೇ ದಿನಕ್ಕೇ ಆದರೆ ಏನೋ ಎಡವಟ್ಟಾಗಿದೆ.

ಮೊದಲನೇ ಎಡವಟ್ಟು ಅಂಗಡಿಯಲ್ಲೇ ಆಗುತ್ತೆ. "ರೈಜೋಬಿಯಂ ಕೊಡಿ" ಅಂದರೆ ಸಾಲದು, ಯಾವ ಬೆಳೆಗೆ ಅಂತ ಹೇಳಬೇಕು. ತೊಗರಿ, ಹೆಸರು, ಉದ್ದು, ಅಲಸಂದೆ, ಶೇಂಗಾ ಹೆಚ್ಚುಕಮ್ಮಿ ಒಂದೇ ಬಳಗ. ಕಡಲೆಗೆ ಅದರದ್ದೇ ಬೇಕು, ಸೋಯಾಬೀನ್‌ಗೂ ಅದರದ್ದೇ. ಸೋಯಾ ನಮ್ಮ ನೆಲಕ್ಕೆ ಹೊರಗಿನಿಂದ ಬಂದ ಬೆಳೆ, ಹಿಂದೆ ಬೆಳೆಯದ ಹೊಲದಲ್ಲಿ ಅದಕ್ಕೆ ಸರಿಹೊಂದುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಇರೋದೇ ಇಲ್ಲ. ಅಲ್ಲಿ ಬೀಜೋಪಚಾರ ಇಲ್ಲದೆ, ಅಂದರೆ ಬೀಜಕ್ಕೆ ಪುಡಿ ಹಚ್ಚದೆ ಬಿತ್ತೋದು ತಪ್ಪು. ತಲೆಮಾರುಗಳಿಂದ ತೊಗರಿ ಬೆಳೆಯುವ ಕಲಬುರಗಿ ಕಡೆಯ ಹೊಲದಲ್ಲಿ ಮಾತ್ರ ಪ್ಯಾಕೆಟ್‌ನಿಂದ ಭಾರೀ ವ್ಯತ್ಯಾಸ ನಿರೀಕ್ಷಿಸಬೇಡಿ. ಮಣ್ಣಲ್ಲಿ ಆಗಲೇ ಬೇಕಾದಷ್ಟು ಇರಬಹುದು.

ಎರಡನೇದು, ಪುಡಿ ಅನ್ನೋದು ಗೊಬ್ಬರ ಅಲ್ಲ, ಜೀವ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಕೋಶ ಇರಬೇಕು. ತಗಡಿನ ಚಾವಣಿ ಕೆಳಗೆ ಬೇಸಿಗೆ ಕಳೆದ ಪ್ಯಾಕೆಟ್‌ನಲ್ಲಿ ಎಷ್ಟು ಉಳಿದಿರುತ್ತೆ ನೀವೇ ಯೋಚಿಸಿ. ತಾರೀಕು ನೋಡಿ ತಗೊಳ್ಳಿ, ಬಿಸಿಲು ಬೀಳುವ ಕಡೆ ಇಡಬೇಡಿ.

ಉಪಚಾರ ಹೀಗೆ: ಅರ್ಧ ಲೀಟರ್ ನೀರಿಗೆ 50 ಗ್ರಾಂ ಬೆಲ್ಲ ಹಾಕಿ ಕುದಿಸಿ, ಪೂರ್ತಿ ಆರಿಸಿ. ಬಿಸಿ ಇರುವಾಗಲೇ ಪುಡಿ ಸುರಿದರೆ ಕಥೆ ಅಲ್ಲೇ ಮುಗೀತು. 10 ಕೆಜಿ ಬೀಜಕ್ಕೆ 200 ಗ್ರಾಂ ಪುಡಿ. ಬೀಜ ಒದ್ದೆಯಾಗುವಷ್ಟು ಮಾತ್ರ ಪಾಕ ಚಿಮುಕಿಸಿ ಪುಡಿ ಹಚ್ಚಿ, ಉಳಿದ ಪಾಕ ಉಳಿಯಲಿ. ಸೋಯಾ, ಶೇಂಗಾ ಸಿಪ್ಪೆ ಬಲು ನಾಜೂಕು, ಗಸಗಸ ತಿಕ್ಕಿದರೆ ಬೀಜ ಹುಟ್ಟೋದೇ ಇಲ್ಲ. ಗೋಣಿತಾಟಿನ ಮೇಲೆ ನೆರಳಲ್ಲಿ ಆರಿಸಿ, ಅದೇ ದಿನ ಹದವಿರುವ ಮಣ್ಣಿಗೆ ಬಿತ್ತಿ. ಶಿಲೀಂಧ್ರನಾಶಕ ಹಚ್ಚೋದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಬೇಡಿ. ಬಣ್ಣ ಹಚ್ಚಿದ ಉಪಚರಿತ ಬೀಜವೇ ಸಿಕ್ಕಿದ್ದರೆ ಎಕರೆಗೆ 4–5 ಪ್ಯಾಕೆಟ್ ಪುಡಿಯನ್ನ 20–25 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಸಾಲಿಗೆ ಬಿಡೋದು ಮೇಲು.

ಇಷ್ಟೆಲ್ಲ ಮಾಡಿ ಆಮೇಲೆ ಯೂರಿಯಾ ಎರಚ್ತಾರೆ. ಬ್ಯಾಕ್ಟೀರಿಯಾ ಸಾಕೋಕೆ ಗಿಡ ತನ್ನ ಸಕ್ಕರೆ ಖರ್ಚು ಮಾಡಬೇಕು. ಬೇರಿನ ಬಳಿ ಸಾರಜನಕ ಪುಕ್ಕಟೆ ಸಿಕ್ಕರೆ ಬಾಗಿಲು ಹಾಕಿಬಿಡುತ್ತೆ. ಶುರುವಿನಲ್ಲಿ ಎಕರೆಗೆ ಸುಮಾರು 10 ಕೆಜಿ ಸಾರಜನಕ ಸಾಕು. 50 ಕೆಜಿಯ ಒಂದು ಚೀಲ ಡಿಎಪಿಯಲ್ಲೇ 9 ಕೆಜಿ ಬಂತು, ಜೊತೆಗೆ ಗಂಟಿಗೆ ನಿಜವಾಗಿ ಬೇಕಾದ ರಂಜಕವೂ ಬಂತು. ಬೀನ್ಸ್ ಮಾತ್ರ ಬೇರೆ, ಅದು ಈ ವಿಷಯದಲ್ಲಿ ಸೋಮಾರಿ, ಅದಕ್ಕೆ ಸಾರಜನಕ ಜಾಸ್ತಿ ಕೊಡಲೇಬೇಕು. ಎರೆಭೂಮಿಯಲ್ಲಿ ನೀರು ನಿಂತು ಎಲೆ ಹಳದಿಯಾದಾಗಲೂ ಯೂರಿಯಾ ಚೀಲಕ್ಕೆ ಕೈ ಹಾಕಬೇಡಿ. ಉಸಿರುಗಟ್ಟಿರೋದು ಗಂಟಿಗೆ, ಮೊದಲು ಬಸಿಗಾಲುವೆ ತೆಗೀರಿ. ಮಲೆನಾಡು, ಕರಾವಳಿಯ ಹುಳಿ ಮಣ್ಣಲ್ಲಿ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಸುಣ್ಣ ಹಾಕದೆ ಪ್ಯಾಕೆಟ್‌ಗೆ ದುಡ್ಡು ಸುರಿಯೋದು ದಂಡ. ಅಂಥ ಮಣ್ಣಲ್ಲಿ ಸಾರಜನಕ ಹಿಡಿಯುವ ಆ ಕಿಣ್ವಕ್ಕೆ ಬೇಕಾದ ಮಾಲಿಬ್ಡಿನಂ ಅನ್ನೋ ಪೋಷಕಾಂಶ ಕೂಡ ಬೇರಿಗೆ ಸರಿಯಾಗಿ ಸಿಗಲ್ಲ.

"ದ್ವಿದಳ ಬೆಳೆದರೆ ಭೂಮಿಗೆ ಸಾರಜನಕ ತುಂಬುತ್ತೆ" ಅನ್ನೋದನ್ನೂ ಅರ್ಧವೇ ನಂಬಿ. ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿನೊಳಗೆ ಕೂತು ಮಾರುಕಟ್ಟೆಗೆ ಹೋಗುತ್ತೆ. ಶೇಂಗಾ ಬುಡಸಮೇತ ಕಿತ್ತು ಬಳ್ಳಿಯನ್ನ ದನಕ್ಕೆ ಹಾಕಿದರೆ ಹೊಲಕ್ಕೆ ಉಳಿಯೋದು ಅಷ್ಟಕ್ಕಷ್ಟೇ, ಸಗಣಿ ವಾಪಸ್ ಬಂದರೆ ಮಾತ್ರ ಲೆಕ್ಕ ಸರಿಹೋಗುತ್ತೆ. ತೊಗರಿ ಪರವಾಗಿಲ್ಲ, ನಿಂತಲ್ಲೇ ಎಲೆ ಉದುರಿಸಿ ಒಂದಿಷ್ಟು ಕೊಟ್ಟೇ ಹೋಗುತ್ತೆ.